ಟೂಜಿ ಬಿಡಿಸಲು ಹೋದವನ ಫಜೀತಿಗಳು

ಮೊಬೈಲ್ ಕಂಪನಿಯಲ್ಲಿ ಕೆಲಸ ಮಾಡುವವನು ನಗಲು ನಾಟಕಕ್ಕೆ ಹೋಗಬೇಕಾಗಿಲ್ಲ. ಬೆಳಗ್ಗೆ ಬೈಕು ಹತ್ತಿದರೆ ಸಾಕು, ಸಂಜೆಯೊಳಗೆ ಯಾರಾದರೂ ಒಬ್ಬರು ಅವನನ್ನು ಪೆದ್ದನನ್ನಾಗಿ ಮಾಡಿ, ಚಹಾ ಕುಡಿಸಿ ಕಳಿಸಿರುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ತಾಲ್ಲೂಕು ನನ್ನ ಸುಪರ್ದಿನಲ್ಲಿವೆ. ಆಫೀಸು ಅಂದರೆ ಕೂಡ್ಲಿಗಿಯಲ್ಲಿ ಒಂದೇ ಕೋಣೆ, ಎರಡು ಕುರ್ಚಿ, ಒಂದು ಫ್ಯಾನು. ಕಂಪನಿಯ ಹೆಸರು ಹೇಳುವುದಿಲ್ಲ, ಇನ್ನೂ ಸಂಬಳ ಕೊಡುತ್ತಿದೆ.

ಹೋದ ವರ್ಷ ಬೆಂಗಳೂರಿನಿಂದ ಹುಕುಂ ಬಂತು. ಟೂಜಿ ಎಂಬ ಹಳೆಯ ನೆಟ್‌ವರ್ಕನ್ನು ನಮ್ಮ ಭಾಗದಲ್ಲಿ ಯುಗಾದಿಗೆ ಬಂದ್ ಮಾಡುತ್ತಾರೆ, ಅಷ್ಟರೊಳಗೆ ಹಳೆಯ ಸಿಮ್ಮಿನವರೆಲ್ಲ ಫೋರ್‌ಜಿಗೆ ಬಂದಿರಬೇಕು. ಪಟ್ಟಿಯಲ್ಲಿ ಒಂದೇ ಒಂದು ನಂಬರ್ ಉಳಿದರೂ ಕೂಡ್ಲಿಗಿ ಆಫೀಸಿಗೆ ಬೀಗ, ನನಗೆ ಬೀದರಿಗೆ ವರ್ಗ. ನನ್ನ ಹೆಂಡತಿ ಇಲ್ಲೇ ಅಂಗನವಾಡಿ ಟೀಚರು. ಸುದ್ದಿ ಹೇಳಿದರೆ ತಲೆ ಎತ್ತದೆಯೇ, "ಬೀದರಿಗೆ ನೀವೊಬ್ರ ಹೋಗ್ರಿ, ಅಡಿಗಿ ಕಲ್ಕೊಂಡು ಹೋಗ್ರಿ" ಎಂದಳು. ನನಗೆ ಅನ್ನಕ್ಕೆ ಎಷ್ಟು ನೀರಿಡಬೇಕೆಂಬುದೂ ಗೊತ್ತಿಲ್ಲ. ಮರುದಿನದಿಂದಲೇ ಹಳ್ಳಿ ಹಳ್ಳಿ ಸುತ್ತಲು ಶುರು ಮಾಡಿದೆ.

ಎತ್ತಬಾರದ ಫೋನು

ಹಡಗಲಿ ಕಡೆಯ ಒಂದು ಟವರಿನಿಂದ ದಿನಾ ಬೆಳಗಿನ ಜಾವ ರಾಶಿ ರಾಶಿ ಕಾಲ್ ಹೋಗುತ್ತಿದ್ದವು. ಒಂದನ್ನೂ ಯಾರೂ ಎತ್ತುತ್ತಿರಲಿಲ್ಲ. ನೆಟ್‌ವರ್ಕೇ ಕೆಟ್ಟಿದೆ ಎಂದು ಬೆಂಗಳೂರಿನಿಂದ ಒಬ್ಬ ಎಂಜಿನಿಯರ್ ಬಂದ. ಅವನನ್ನು ಹಿಂದೆ ಕೂರಿಸಿಕೊಂಡು ಹೋದೆ. ನೋಡಿದರೆ ಎಲ್ಲ ಮಲ್ಲಿಗೆ ತೋಟ. ಒಬ್ಬ ಹೆಣ್ಣುಮಗಳು ಹೂವಿನ ಬುಟ್ಟಿಗೆ ಒದ್ದೆ ಬಟ್ಟೆ ಹೊದಿಸಿ, ಬಸ್ಸಿಗೇರಿಸಿ, ಸೊಂಟದಿಂದ ಬಟನ್ ಫೋನ್ ತೆಗೆದು, ಒಂದು ರಿಂಗ್ ಕೊಟ್ಟು ಕಟ್ ಮಾಡಿದಳು.

"ಯಾರಿಗೆ ಯಕ್ಕಾ?" ಎಂದೆ.

"ಹೊಸಪೇಟಿ ಬಸ್‌ಸ್ಟ್ಯಾಂಡ್ನಾಗ ನಮ್ಮ ತಮ್ಮ ಅದಾನ್ರಿ. ಒಂದು ರಿಂಗ್ ಅಂದ್ರ ಬುಟ್ಟಿ ಬಸ್ಸಿಗೆ ಇಟ್ಟೀನಿ ಅಂತ. ಎರಡು ಅಂದ್ರ ಬಸ್ ತಪ್ಪೈತಿ, ಮುಂದಿಂದಕ್ಕ ಬರ್ತೈತಿ. ಮೂರು ಅಂದ್ರ ಮಗ್ಗಿ ಅರಳಾಕತ್ಯಾವು, ಲಗೂ ಮಾರು ಅಂತ."

ಸುತ್ತಲಿನ ತೋಟದವರೆಲ್ಲ ಇದೇ ಪದ್ಧತಿಯವರು. ಎಂಜಿನಿಯರ್‌ಗೆ ತಡೆಯಲಾಗಲಿಲ್ಲ. "ಈಗ ಮಾತಾಡೋದೆಲ್ಲ ಫ್ರೀ ಅಕ್ಕಾ, ಎಷ್ಟು ಬೇಕಾದರೂ ಮಾತಾಡಬಹುದು" ಎಂದ.

"ಫ್ರೀ ಅಂತ ಮಾತಾಡ್ಕೋಂತ ನಿಂತ್ರ ಹೂವು ಬಾಡ್ತಾವ್ರಿ. ಅವ್ನು ಎತ್ತಿದ ಅಂದ್ರ ಮೊದ್ಲು ಆರಾಮದೀಯೇನು ಅಂತಾನ, ಆಮ್ಯಾಲೆ ಎಮ್ಮಿ ಈದೈತೇನು ಅಂತಾನ. ಅಷ್ಟ್ರಾಗ ಹೊಸಪೇಟಿಗೆ ಬಸ್ ಬಂದು, ನಮ್ಮ ಬುಟ್ಟಿ ಯಾರೋ ಇಳಿಸ್ಕೊಂಡು ಹೋಗಿರ್ತಾರ."

ಮೂರು ರಿಂಗಿನಲ್ಲಿ ಒಂದು ವ್ಯಾಪಾರವನ್ನೇ ನಡೆಸುವ ಈ ಬುದ್ಧಿ ನಮ್ಮ ಕಂಪನಿಯ ಯಾವ ಸಾಹೇಬರಿಗೂ ಇಲ್ಲ. ನಾನು ಮನಸ್ಸಿನಲ್ಲೇ ಕೈ ಮುಗಿದೆ. ಹೊಸ ಸಿಮ್ಮಿನಲ್ಲೂ ರಿಂಗ್ ಸರಿಯಾಗಿ ಹೋದರೆ ತೋಟದವರೆಲ್ಲ ಬದಲಾಯಿಸುತ್ತೇವೆ ಎಂದರು. ಅಲ್ಲೇ ಒಂದು ಫೋರ್‌ಜಿ ಬಟನ್ ಫೋನಿಗೆ ಹೊಸ ಸಿಮ್ ಹಾಕಿಕೊಟ್ಟೆ. ಅಕ್ಕ ಪರೀಕ್ಷೆಗೆಂದು ಎಂಜಿನಿಯರ್ ನಂಬರಿಗೆ ಹಚ್ಚಿದಳು. ಅವನು ಮೊದಲ ರಿಂಗಿಗೇ ಎತ್ತಿ "ಹಲೋ" ಎಂದುಬಿಟ್ಟ.

ಅಕ್ಕ ಹಣೆ ಬಡಿದುಕೊಂಡಳು. "ಎತ್ತಬಾರದ್ರೀ! ಎಣಸಬೇಕು. ಇಷ್ಟು ದೊಡ್ಡ ಕಂಪನ್ಯಾಗ ಅದೀರಿ, ಇಷ್ಟೂ ಕಲ್ಸಿಲ್ಲೇನ್ರಿ ನಿಮಗ?"

ನಮ್ಮ ಕಂಪನಿಯ ಬೆಂಚು

ಹರಪನಹಳ್ಳಿಯಲ್ಲಿ ಒಂದು ಮಂಡಕ್ಕಿ ಮಿರ್ಚಿ ಅಂಗಡಿ ಇದೆ. ಗೋಡೆಗಳು ದಪ್ಪ, ಒಳಗೆ ಎಲ್ಲ ಫೋನೂ ಎಲ್ಲ ಕಡೆ ಹಿಡಿಯುವುದಿಲ್ಲ. ಅಂಗಡಿಯ ಮಾಲೀಕರು ಗಿರಾಕಿ ಒಳಗೆ ಬಂದ ಕೂಡಲೇ ಎಷ್ಟು ಪ್ಲೇಟು ಎಂದು ಕೇಳುವುದಿಲ್ಲ. "ಯಾವ ಸಿಮ್ಮು?" ಎನ್ನುತ್ತಾರೆ. ಹೇಳಿದ ತಕ್ಷಣ ಎಣ್ಣೆ ಸೋರುವ ಜಾಲರಿ ಸೌಟಿನಿಂದಲೇ ಒಂದು ಬೆಂಚು ತೋರಿಸುತ್ತಾರೆ. ಅಲ್ಲಿ ಕೂತರೆ ಫೋನ್ ಹಿಡಿಯುತ್ತದೆ. ಯಾವ ಕಂಪನಿಗೆ ಯಾವ ಬೆಂಚು ಎಂಬುದು ಅವರಿಗೆ ಬಾಯಿಪಾಠ.

ನಮ್ಮ ಕಂಪನಿಯವರು ಅದೇ ಓಣಿಯಲ್ಲಿ ಕಾರಿನ ಮೇಲೆ ಯಂತ್ರ ಕಟ್ಟಿಕೊಂಡು ಒಂದು ವಾರ ಓಡಾಡಿ, ಬಣ್ಣ ಬಣ್ಣದ ನಕ್ಷೆ ಮಾಡಿದ್ದರು. ಮಿರ್ಚಿ ತಿನ್ನುತ್ತ ಅದನ್ನು ಮಾಲೀಕರಿಗೆ ತೋರಿಸಿದೆ. ಅವರು ಒಂದು ಕಣ್ಣು ಬಾಣಲೆ ಮೇಲೆ, ಒಂದು ಕಣ್ಣು ನಕ್ಷೆ ಮೇಲೆ ಇಟ್ಟು, "ಇಲ್ಲಿ ತಪ್ಪಾಗೈತಿ ಸಾರ್. ನಿಮ್ದು ಕಿಟಕಿ ಹತ್ರ ಹಿಡಿಯಲ್ಲ, ಕಂಬದ ಹತ್ರ ಹಿಡೀತೈತಿ" ಎಂದರು. ಎದ್ದು ನೋಡಿದೆ. ಅವರು ಹೇಳಿದ್ದೇ ಸರಿ.

"ಹಂಗಾದ್ರೆ ಕಂಬದ ಹತ್ರದ್ದು ನಮ್ಮ ಬೆಂಚು" ಎಂದು ಹೆಮ್ಮೆಯಿಂದ ಆ ಕಡೆ ತಿರುಗಿದೆ. ಅದರ ಮೇಲೆ ಎರಡು ಉಳ್ಳಾಗಡ್ಡಿ ಚೀಲ ಇದ್ದವು.

"ನಿಮ್ಮ ಸಿಮ್ಮಿನೋರು ಯಾರೂ ಬರ್ತಿರ್ಲಿಲ್ಲ ಸಾರ್" ಎಂದರು ಅವರು, ಸ್ವಲ್ಪ ಸಂಕೋಚದಿಂದ. "ಜಾಗ ಯಾಕೆ ಖಾಲಿ ಬಿಡ್ಬೇಕು ಅಂತ."

ನಕ್ಕೆ, ಆದರೆ ಕಣ್ಣ ಮುಂದೆ ಬೀದರು ಬಂತು. ಅವರನ್ನೇ ಬೈಕಿನಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿದೆ. ಎಲ್ಲಿ ಹಿಡಿಯುತ್ತದೆ, ಎಲ್ಲಿ ಇಲ್ಲ ಎಂದು ಅವರು ಹೇಳಿದ್ದನ್ನೆಲ್ಲ ಬರೆದು ಕಳಿಸಿದೆ. ಕಂಪನಿಯವರು ಬಂದು ಆಂಟೆನಾ ತಿರುಗಿಸಿದರು, ಫೋರ್‌ಜಿ ಚೆನ್ನಾಗಿ ಹಿಡಿಯತೊಡಗಿತು, ಹಳೆಯ ಸಿಮ್ಮಿನವರು ತಾವಾಗಿಯೇ ಬದಲಾಯಿಸಿಕೊಂಡರು. ಎರಡು ತಿಂಗಳ ನಂತರ ಹೋದಾಗ ಕಂಬದ ಹತ್ತಿರ ಜನ ಒತ್ತಿಕೊಂಡು ಕೂತಿದ್ದರು. ನನ್ನ ಕಣ್ಣು ತುಂಬಿ ಬಂತು.

"ಚೀಲ ಎಲ್ಲಿಟ್ರಿ?" ಎಂದು ಕೇಳಿದೆ.

ಮಾಲೀಕರು ಹಿಟ್ಟಿನ ಕೈಯಲ್ಲೇ ಕಿಟಕಿ ಕಡೆ ತೋರಿಸಿದರು. "ಈಗ ಆ ಇನ್ನೊಂದು ಕಂಪ್ನಿ ಬೆಂಚಿನ ಮೇಲದಾವೆ ಸಾರ್."

ಜೀವ ಇದ್ದದ್ದು, ಸತ್ತದ್ದು

ಕೊಟ್ಟೂರಿನಲ್ಲಿ ಒಬ್ಬ ಫೋನ್ ಮೆಕ್ಯಾನಿಕ್ ಇದ್ದಾರೆ, ವಯಸ್ಸಾದವರು. ಊರೆಲ್ಲ ಚಾಚಾ ಎನ್ನುತ್ತದೆ. ಬಾವಿಗೆ ಬಿದ್ದ ಫೋನು, ಎಮ್ಮೆ ತುಳಿದ ಫೋನು, ಸಾರಿನ ಪಾತ್ರೆಯಲ್ಲಿ ಕುದ್ದ ಫೋನು, ಯಾವುದನ್ನು ಕೊಟ್ಟರೂ ಎಬ್ಬಿಸಿ ಕೂರಿಸುತ್ತಾರೆ. ಅವರ ದೆಸೆಯಿಂದ ಕೊಟ್ಟೂರಿನಲ್ಲಿ ಹಳೆಯ ಬಟನ್ ಫೋನ್ ಸಾಯುತ್ತಲೇ ಇರಲಿಲ್ಲ. ಅದು ಸಾಯದೆ ಹಳೆಯ ಸಿಮ್ಮು ಬದಲಾಗುತ್ತಿರಲಿಲ್ಲ.

ಕಂಪನಿ ಒಂದು ಉಪಾಯ ಹೂಡಿತು: ಹಳೆಯ ಫೋನ್ ಕೊಟ್ಟವರಿಗೆ ಹೊಸ ಫೋರ್‌ಜಿ ಬಟನ್ ಫೋನು, ಒಳಗೆ ಹೊಸ ಸಿಮ್ಮು, ಅರ್ಧ ಬೆಲೆಗೆ. ಜಾತ್ರೆಯ ಹಾಗೆ ಜನ ಬಂದರು. ಒಂದೇ ದಿನದಲ್ಲಿ ಹೊಸ ಫೋನೆಲ್ಲ ಖಾಲಿ. ಸಂಜೆ ಮೂಟೆ ಬಿಚ್ಚಿ ನೋಡಿದೆ. ಒಂದರಲ್ಲೂ ಬ್ಯಾಟರಿ ಇಲ್ಲ, ಕೆಲವಕ್ಕೆ ಬಟನ್ನೂ ಇಲ್ಲ. ಎಲ್ಲವೂ ಚಾಚಾ ಅಂಗಡಿಯ ಸತ್ತ ಫೋನಿನ ಡಬ್ಬಿಯಿಂದ ಬಂದವು. ಜೀವ ಇದ್ದ ಫೋನುಗಳು ಹಳೆಯ ಸಿಮ್ಮಿನ ಸಮೇತ ಮನೆಯಲ್ಲೇ ಆರಾಮಾಗಿ ಮೊಳಗುತ್ತಿದ್ದವು. ನನ್ನ ಪಟ್ಟಿ ಒಂದು ಗೆರೆಯೂ ಇಳಿದಿರಲಿಲ್ಲ.

ಸಿಟ್ಟಿನಿಂದ ಅಂಗಡಿಗೆ ಹೋದೆ. ಚಾಚಾ ಕನ್ನಡಕ ಹಣೆಗೇರಿಸಿ, "ಜೀವ ಇರೋದನ್ನ ಯಾರರ ಕೊಡ್ತಾರೇನಪಾ? ಸತ್ತಿದ್ದು ಕೊಟ್ಟಾರ. ನಾಡಿ ಹಿಡಿದು ನೋಡದ ತಗೊಂಡಿದ್ದು ನಿಂದ ತಪ್ಪು" ಎಂದರು. ಮಾತು ಸರಿಯಾಗಿಯೇ ಇತ್ತು. ಸಿಟ್ಟು ಇಳಿದು ಅಳು ಬಂತು. ಬೀದರಿನದು, ಹೆಂಡತಿ ಹೇಳಿದ್ದು, ಅನ್ನಕ್ಕೆ ನೀರಿಡಲು ಬಾರದ್ದು, ಎಲ್ಲ ಹೇಳಿಕೊಂಡೆ. ಚಾಚಾ ಚಹಾ ತರಿಸಿದರು.

ಮರುದಿನ ಅಂಗಡಿಯ ಮುಂದೆ ಒಂದು ರಟ್ಟು ತೂಗುತ್ತಿತ್ತು: "ಯುಗಾದಿ ಆದ ಮೇಲೆ ಟೂಜಿ ಸಿಮ್ಮಿನ ಫೋನ್ ರಿಪೇರಿ ಮಾಡುವುದಿಲ್ಲ." ನಮ್ಮ ಕಂಪನಿ ಹೆದ್ದಾರಿಯುದ್ದಕ್ಕೂ ನಿಲ್ಲಿಸಿದ ದೊಡ್ಡ ಬೋರ್ಡುಗಳನ್ನು ಯಾರೂ ಕಣ್ಣೆತ್ತಿ ನೋಡಿರಲಿಲ್ಲ. ಚಾಚಾನ ರಟ್ಟಿಗೆ ಇಡೀ ಕೊಟ್ಟೂರು ಹೊಸ ಸಿಮ್ಮಿಗೆ ಸಾಲಿನಲ್ಲಿ ನಿಂತಿತು. ಕಂಪನಿ ಹೇಳಿದರೆ ಜಾಹೀರಾತು, ಚಾಚಾ ಹೇಳಿದರೆ ಮಾತು. ವಾರದೊಳಗೆ ಊರಿನ ಪಟ್ಟಿ ಖಾಲಿಯಾಯಿತು.

ಅವರ ಕೈ ಹಿಡಿದುಕೊಂಡು, "ಚಾಚಾ, ನಿಮ್ಮ ಫೋನ್ ಕೊಡ್ರಿ. ನಿಮ್ಮ ಸಿಮ್ಮು ನಾನ ಕೈಯಾರೆ ಬದ್ಲಿ ಮಾಡ್ತೀನಿ" ಎಂದೆ.

"ನಾನು ಮೊದ್ಲಿಂದ ಬ್ಯಾರೆ ಕಂಪನಿ ಬೇಟಾ" ಎಂದರು ಚಾಚಾ. "ನಿಮ್ದು ನಮ್ಮ ಅಂಗಡ್ಯಾಗ ಹಿಡಿಯಂಗಿಲ್ಲ."

ಪೂರ್ತಿ ಕೇಳುವ ಗ್ರಾಹಕ

ಯುಗಾದಿಗೆ ಹತ್ತು ದಿನ ಇದ್ದಾಗ ಪಟ್ಟಿಯಲ್ಲಿ ಒಂದೇ ನಂಬರ್ ಉಳಿಯಿತು. ಊರು ತಂಬ್ರಹಳ್ಳಿ. ನಾನು ಎಷ್ಟು ಸಲ ಫೋನ್ ಮಾಡಿ ಮಾತಾಡಿದರೂ, ಎತ್ತಿದ ಮೇಲೆ ಆ ಕಡೆಯಿಂದ ಸದ್ದಿಲ್ಲ.

ಹಳೆಯ ಸಿಮ್ಮಿನವರಿಗೆಲ್ಲ ಬೆಂಗಳೂರಿನಿಂದ ದಿನಾ ಬೆಳಗ್ಗೆ ಹನ್ನೊಂದಕ್ಕೆ ಒಂದು ಯಂತ್ರ ಫೋನ್ ಮಾಡುತ್ತಿತ್ತು. "ಪ್ರಿಯ ಗ್ರಾಹಕರೇ, ದಯವಿಟ್ಟು ನಿಮ್ಮ ಸಿಮ್ ಬದಲಾಯಿಸಿಕೊಳ್ಳಿ" ಎಂದು ಒಬ್ಬ ಹೆಣ್ಣುಮಗಳ ದನಿ. ಎಲ್ಲರೂ "ಪ್ರಿಯ" ಅನ್ನುವಷ್ಟರಲ್ಲಿ ಕಟ್ ಮಾಡುತ್ತಿದ್ದರು. ತಂಬ್ರಹಳ್ಳಿಯ ಈ ಗ್ರಾಹಕ ಮಾತ್ರ ಮೊದಲ ರಿಂಗಿಗೇ ಎತ್ತಿ, ಕೊನೆಯ "ಧನ್ಯವಾದ"ದ ತನಕ ಕೇಳುತ್ತಿದ್ದ. ಒಂದು ದಿನವೂ ತಪ್ಪಿಸಿರಲಿಲ್ಲ.

ಇದು ಬೆಂಗಳೂರಿನ ನಮ್ಮ ಸಾಹೇಬರ ಕಣ್ಣಿಗೆ ಬಿತ್ತು. ಕೂಡಲೇ ನನಗೆ ಫೋನ್ ಹಚ್ಚಿದರು. "ನಮ್ಮ ಮಾತನ್ನು ಪೂರ್ತಿ ಕೇಳೋರು ಇಡೀ ರಾಜ್ಯದಲ್ಲಿ ಇವರೊಬ್ಬರೇ ಕಣ್ರೀ. ನಮ್ಮ ಮನೇಲೂ ಯಾರೂ ಕೇಳಲ್ಲ. ಇಂಥವರು ಬದಲಾಯಿಸಿಲ್ಲ ಅಂದರೆ ತಪ್ಪು ನಮ್ಮದೇ. ನಾನೇ ಬರ್ತೀನಿ. ಒಂದು ಸನ್ಮಾನ ಮಾಡಿ ಕೇಳ್ಕೊಳ್ಳೋಣ."

ಭಾನುವಾರ ಶಾಲು, ಹಾರ, ಹಣ್ಣಿನ ಬುಟ್ಟಿ ಸಮೇತ ಸಾಹೇಬರು ಬಂದಿಳಿದರು. ವಿಳಾಸದ ಮನೆಗೆ ಹೋಗಿ ನಂಬರ್ ಹೇಳಿದೆವು. ಮನೆಯಾಕೆ, "ಆ ನಂಬರಾ? ಅದು ಹೊಲದಾಗ ಐತ್ರಿ" ಎಂದಳು. ಹೊಲದಲ್ಲಿ ಅವಳ ಗಂಡ ಕಳೆ ಕೀಳುತ್ತಿದ್ದ. ಸಾಹೇಬರು ಹಾರ ಹಿಡಿದು ಅವನ ಕೊರಳಿಗೆ ಹಾಕಲು ಹೋದರೆ ಅವನು ಹಿಂದೆ ಸರಿದ.

"ನನಗಲ್ರಿ ಸರ, ನನ್ನ ನಂಬರ್ ಬ್ಯಾರೆ. ನೀವು ಕೇಳೋದು ಅಲ್ಲೈತಿ ನೋಡ್ರಿ."

ಬೋರ್‌ವೆಲ್ ಪಕ್ಕದ ಕಲ್ಲುಕಂಬಕ್ಕೆ ಒಂದು ಕಬ್ಬಿಣದ ಡಬ್ಬಿ ನೇತುಹಾಕಿತ್ತು. ನಾವು ಅದರ ಮುಂದೆ ನಿಂತಿದ್ದಂತೆಯೇ ಹನ್ನೊಂದು ಹೊಡೆಯಿತು. ಡಬ್ಬಿಯೊಳಗೆ ಒಂದು ರಿಂಗ್ ಆಯಿತು, ಟಕ್ ಎಂದಿತು, "ಪ್ರಿಯ ಗ್ರಾಹಕರೇ" ಎಂದು ಸಣ್ಣಗೆ ಹೆಣ್ಣುದನಿ ಕೇಳಿಸಿತು. ಅದರ ಹಿಂದೆಯೇ ಮೋಟಾರು ಗುಂಯ್ಯೆಂದು, ಪೈಪಿನಿಂದ ನೀರು ನುಗ್ಗಿ ಸಾಹೇಬರ ಬೂಟಿನ ಮೇಲೆ ಬಿತ್ತು.

ಆ ಡಬ್ಬಿಯಲ್ಲಿ ನಮ್ಮ ಸಿಮ್ಮಿತ್ತು. ಯಾರೇ ಫೋನ್ ಮಾಡಿದರೂ ಡಬ್ಬಿ ತಾನೇ ಎತ್ತುತ್ತದೆ, ಮೋಟಾರು ಚಾಲೂ, ಕರೆಂಟು ಹೋದಾಗ ತಾನೇ ಬಂದ್. ಹೊಲದ ಯಜಮಾನ ಹಗರಿಬೊಮ್ಮನಹಳ್ಳಿಯ ಒಂದು ಆಫೀಸಿನಲ್ಲಿ ಜವಾನ. ಹೆಂಡತಿ ಶಾಲೆಯಲ್ಲಿ ಬಿಸಿಯೂಟ ಮಾಡುವವಳು.

"ಹೊಲಕ್ಕ ಕರೆಂಟ್ ಬರೋದೂ ಹನ್ನೊಂದಕ್ಕ, ನಮ್ಮ ಆಫೀಸಿನ ಸಾಹೇಬ್ರು ಬಂದು ಎದುರಿಗೆ ಕುಂದ್ರೋದೂ ಹನ್ನೊಂದಕ್ಕ. ಅವರ ಮುಂದ ಫೋನ್ ಮುಟ್ಟಂಗಿಲ್ರಿ. ಆ ಹೊತ್ತಿನ್ಯಾಗ ನನ್ನ ಹೇಣ್ತಿ ಕೈಯಾಗ ಅಕ್ಕಿ. ಬೆಳಿ ಒಣಗಾಕತ್ತಿತ್ತು. ದೇವ್ರು ಕಳ್ಸಿದಂಗ ನಿಮ್ಮ ಫೋನ್ ಬರಾಕ ಹತ್ತಿತ್ರಿ ಸರ. ರವಿವಾರನೂ ತಪ್ಸಿಲ್ಲ."

"ಹಾಗಾದರೆ ಸಿಮ್ ಬದಲಾಯಿಸೋಕೆ ಏನಾಗಿತ್ತು?" ಎಂದರು ಸಾಹೇಬರು.

"ಬದ್ಲಿ ಮಾಡಿದ್ರ ನೀವು ಫೋನ್ ಮಾಡೋದು ಬಿಡ್ತೀರಲ್ರಿ!"

ಅಲ್ಲಿಗೆ ನನ್ನ ಕಥೆ ಮುಗಿಯಿತು ಅಂದುಕೊಂಡೆ. ಸಿಮ್ ಬದಲಾಯಿಸು ಎಂದು ಬೇಡಿಕೊಳ್ಳುವ ಫೋನಿಗಾಗಿಯೇ ಅವನು ಸಿಮ್ ಬದಲಾಯಿಸುತ್ತಿಲ್ಲ. ಸಾಹೇಬರು ತಮ್ಮ ಒದ್ದೆ ಬೂಟು ನೋಡಿಕೊಂಡರು. ಆಮೇಲೆ ನಗಲು ಶುರು ಮಾಡಿದವರು ಕಂಬ ಹಿಡಿದುಕೊಂಡು ನಕ್ಕರು. ಶಾಲನ್ನು ಅವನಿಗೇ ಹೊದಿಸಿ, "ನಮ್ಮ ಕಂಪನಿಯನ್ನು ನಮಗಿಂತ ಚೆನ್ನಾಗಿ ಉಪಯೋಗಿಸಿದ್ದೀಯಪ್ಪ" ಎಂದರು. ಆ ಮಾತಿಗೆ ನನಗೆ ಅವರ ಮೇಲೆ ಮೊದಲ ಸಲ ನಿಜವಾದ ಗೌರವ ಬಂತು.

ಅವನು ಮಾತ್ರ ಶಾಲಿಗೆ ಬಗ್ಗಲಿಲ್ಲ. "ಸನ್ಮಾನ ಬ್ಯಾಡ್ರಿ. ಹನ್ನೊಂದಕ್ಕ ಫೋನ್ ಬಂದ್ರ ಸಾಕು."

"ನಾನೇ ಮಾಡ್ತೀನಿ. ದಿನಾ. ಮಾತು ಕೊಟ್ಟೆ" ಎಂದರು ಸಾಹೇಬರು. ಅಲ್ಲೇ ಒಪ್ಪಂದವಾಯಿತು. ಫೋರ್‌ಜಿ ಹಿಡಿಯುವ ಹೊಸ ಡಬ್ಬಿಯನ್ನೂ ಸಾಹೇಬರೇ ತರಿಸಿಕೊಟ್ಟರು. ಯುಗಾದಿಗೆ ನನ್ನ ಪಟ್ಟಿ ಖಾಲಿಯಾಯಿತು, ಕೂಡ್ಲಿಗಿ ಆಫೀಸು ಉಳಿಯಿತು, ನಾನು ಹೆಂಡತಿ ಮಾಡಿದ ಹೋಳಿಗೆ ಉಂಡು ಮಲಗಿದೆ.

ಸಾಹೇಬರು ಕೊಟ್ಟ ಮಾತಿಗೆ ತಪ್ಪಿಲ್ಲ. ಎಷ್ಟೇ ದೊಡ್ಡ ಮೀಟಿಂಗಿದ್ದರೂ ಹನ್ನೊಂದಕ್ಕೆ ಎದ್ದು ಹೊರಗೆ ಹೋಗಿ ಒಂದು ಫೋನ್ ಮಾಡಿ ಬರುತ್ತಾರಂತೆ. ತಾಯಿಗೆ ಮಾಡುತ್ತಾರೆ ಎಂದು ಬೆಂಗಳೂರಿನವರು ಕೊಂಡಾಡುತ್ತಾರಂತೆ. ಮೊನ್ನೆ ಹತ್ತೂವರೆಗೆ ತಂಬ್ರಹಳ್ಳಿಯವನು ತನ್ನ ಆಫೀಸಿನ ಮೆಟ್ಟಿಲ ಮೇಲೆ ನಿಂತು ನನಗೆ ಫೋನ್ ಹಚ್ಚಿದ.

"ಸರ, ನಮ್ಮೂರಾಗ ಜೋರು ಮಳಿ ಬರಾಕತ್ತೈತಂತ. ನಿಮ್ಮ ಸಾಹೇಬ್ರಿಗೆ ಇವತ್ತೊಂದಿನ ರಜಾ ಕೊಟ್ಟೀನಿ ಅಂತ ಹೇಳ್ರಿ."