ಸುರಂಗ ಹೊಕ್ಕ ಮಾತು

ಕಾಲು ಮುರಿದದ್ದಕ್ಕಿಂತ, ಮುರಿದ ಕಾಲಿನಲ್ಲೂ ಚರ್ಚಿನ ಕೆಲಸ ನಡೆಸಿ ತೋರಿಸುತ್ತೇನೆಂದು ಹೊರಟದ್ದೇ ಆರ್ವಿನ್ ಸ್ಕಾರ್‌ಸ್ಟಾಡ್‌ಗೆ ಮುಳುವಾಯಿತು. ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯಲು ಹೋಗಿ ಜಾರಿ ಬಿದ್ದು (ಮೀನೂ ಸಿಗಲಿಲ್ಲ) ಪ್ಲಾಸ್ಟರ್ ಹಾಕಿಸಿಕೊಂಡಿದ್ದ. ಹದಿನೆಂಟು ವರ್ಷಗಳಿಂದ ಚರ್ಚಿನ ಮೈಕು, ಸ್ಪೀಕರುಗಳ ಸಮಸ್ತ ಭಾರ ಹೊತ್ತ ಮಹಾಪುರುಷ ಸುಮ್ಮನೆ ಮನೆಯಲ್ಲಿ ಕೂರುವುದುಂಟೆ? ಲ್ಯಾಪ್‌ಟಾಪಿನಿಂದ ಚರ್ಚಿನ ನೆಟ್‌ವರ್ಕಿಗೆ ವಿಪಿಎನ್ ಎಂಬ ಗುಪ್ತ ಸುರಂಗ ತೋಡಿದ. ಅಲ್ಲಿ ಬಾಗಿಲು ಕಾಯುವ ಫೈರ್‌ವಾಲ್‌ಗೆ ತಾನು ನಂಬಿಕಸ್ಥನೆಂದು ಮನವರಿಕೆ ಮಾಡಿಕೊಟ್ಟ. ಪಾದ್ರಿಗಳ ಮೈಕಿನ ದನಿಯೂ ತನ್ನ ಲ್ಯಾಪ್‌ಟಾಪ್ ದಾಟಿಯೇ ಸ್ಪೀಕರಿಗೆ ಹೋಗುವಂತೆ ಮಾಡಿಕೊಂಡ.

ಭಾನುವಾರ ಬೆಳಿಗ್ಗೆ ಪರದೆಯ ಮೇಲೆ ಸ್ಪೀಕರುಗಳ ಹೆಸರು ಒಂದೊಂದಾಗಿ ಹಸಿರಾದವು. ಆರ್ವಿನ್ ಮೈಕು ತೆರೆದು "ಹಲೋ, ಹಲೋ" ಎಂದ. ಅತ್ತಲಿಂದ ಸದ್ದಿಲ್ಲ. ಪ್ರಾರ್ಥನೆ ಇನ್ನೂ ಶುರುವಾಗಿಲ್ಲವೆಂದುಕೊಂಡ.

"ನೋಡಿದ್ಯಾ ಮಾರ್ಲಿಸ್? ಕೂತಲ್ಲೇ ಕೆಲಸ!"

"ಕೂತಲ್ಲೇ ಕೂತಿರೋದು ನಿಮಗೇನು ಹೊಸದಾ?" ಎಂದಳು ಹೆಂಡತಿ, ಸ್ವೆಟರ್ ಹೆಣೆಯುತ್ತಾ. "ಪ್ರಾರ್ಥನೆ ಮುಗಿದ್ಮೇಲೆ ಚರ್ಚಿನ ಊಟಕ್ಕಾದ್ರೂ ಹೋಗೋಣ ರೀ. ಆರ್ಡಿಸಮ್ಮನ ಬಿಸಿಬಿಸಿ ಆಲೂಗಡ್ಡೆ ಹಾಟ್‌ಡಿಶ್ ಇರುತ್ತೆ."

"ಅಯ್ಯೋ, ಅದು ತಪ್ಪಿದ್ದೇ ಕಾಲು ಮುರಿದಿದ್ದರ ಲಾಭ! ಪೋಸ್ಟರ್ ಅಂಟಿಸೋ ಗೋಂದಿಗೆ ಆಲೂಗಡ್ಡೆ ಹಾಕಿದ ಹಾಗಿರುತ್ತೆ. ಎದುರಿಗೆ ಅಮೃತ ಅಂತೀನಿ, ಏನ್ಮಾಡೋದು."

ಮಾರ್ಲಿಸ್‌ಳ ಕಡ್ಡಿಗಳು ನಿಂತವು. "ಹೌದಾ?" ಎಂದಳು, ಅಷ್ಟೆ.

ಆಗ ಆರ್ವಿನ್ ಪರದೆ ನೋಡಿದ. ತೆರೆದ ಮೈಕನ್ನು ಮುಚ್ಚಿರಲಿಲ್ಲ! ಅದರ ಗೆರೆ ನೇರವಾಗಿ ಚರ್ಚಿನ ನೆಲಮಾಳಿಗೆಯ ಅಡುಗೆಮನೆಗೆ ಹೋಗಿತ್ತು, ಸದ್ದು ಪೂರ್ತಿ ಏರಿತ್ತು.

ಕೈಕಾಲು ತಣ್ಣಗಾದವು (ಒಂದು ಕಾಲು ಪ್ಲಾಸ್ಟರಿನೊಳಗೇ). ಆರ್ಡಿಸಮ್ಮ ಅಲ್ಲೇ ತನ್ನ ಪಾತ್ರೆಯ ಪಕ್ಕ ನಿಂತಿರುತ್ತಾಳೆ. ಎಂಬತ್ತೊಂದು ವರ್ಷ, ಹೃದಯವೂ ಗಟ್ಟಿಯಿಲ್ಲ. ಏನಾದರೂ ಆಗಿಬಿಟ್ಟರೆ? ಪಾದ್ರಿಗಳಿಗೆ ಫೋನ್ ಮಾಡಿದ; ಎತ್ತಲಿಲ್ಲ. "ಕಾರು ತೆಗಿ!" ಎಂದು ಕಿರುಚಿದ. ಹೆಪ್ಪುಗಟ್ಟಿದ ದಾರಿಯಲ್ಲಿ ಮಾರ್ಲಿಸ್ ಕಾರನ್ನು ಆಮೆಯಂತೆ ಓಡಿಸಿದಳು, ಚರ್ಚು ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದಿತ್ತು. ಅದು ಅವನ ದಿಗಿಲನ್ನು ಇನ್ನಷ್ಟು ಹೆಚ್ಚಿಸಿತು.

ಊರುಗೋಲು ಊರುತ್ತಾ ನೆಲಮಾಳಿಗೆಗೆ ಇಳಿದಾಗ ಊಟಕ್ಕೆ ಕೂತವರೆಲ್ಲ ತಿರುಗಿ ನೋಡಿದರು. ಆರ್ವಿನ್ ನೇರವಾಗಿ ಆರ್ಡಿಸಮ್ಮನ ಮುಂದೆ ಹೋಗಿ ನಿಂತ.

"ಆರ್ಡಿಸಮ್ಮ, ನಿಮ್ಮ ಹಾಟ್‌ಡಿಶ್ ಗೋಂದು ಅಂದಿದ್ದು ತಪ್ಪಾಯ್ತು. ಪೋಸ್ಟರ್ ಅಂದಿದ್ದೂ ತಪ್ಪಾಯ್ತು. ಹೊಟ್ಟೆಗೆ ಹಾಕ್ಕೊಳ್ಳಿ!"

"ಯಾವಾಗಪ್ಪಾ ಅಂದೆ? ಸ್ಪೀಕರು ಬೆಳಿಗ್ಗೆಯಿಂದ ಕೆಮ್ಮಿಯೂ ಇಲ್ಲ. ಪಾದ್ರಿಗಳು ಕೂಗಿ ಕೂಗಿ ಗಂಟಲು ಕೆಡಿಸ್ಕೊಂಡ್ರು."

ಆರ್ವಿನ್‌ಗೆ ಆಗ ಹೊಳೆಯಿತು. ಫೈರ್‌ವಾಲ್ ಸ್ಪೀಕರುಗಳ ಹೆಸರನ್ನಷ್ಟೇ ದಾಟಿಸಿ, ದನಿಯನ್ನೆಲ್ಲ ಬಾಗಿಲಲ್ಲೇ ತಡೆದಿತ್ತು. ಅದು ಕಾಪಾಡಿದ್ದ ಮಾನವನ್ನು ಅವನೇ ಕುಂಟುತ್ತಾ ಬಂದು ಕಳೆದುಕೊಂಡಿದ್ದ.

ಆರ್ಡಿಸಮ್ಮ ಮಾತ್ರ ನಗುತ್ತಿದ್ದಳು. "ನನಗ್ಯಾಕಪ್ಪಾ ಬೇಜಾರು? ಕೈನೋವು ಅಂತ ನಾನು ಒಲೆ ಮುಟ್ಟಿ ಮೂರು ವರ್ಷ ಆಯ್ತು. ಶನಿವಾರ ಹೊಲಿಗೆಗೆ ಅಂತ ನಮ್ಮನೆಗೆ ಬರ್ತಾಳಲ್ಲ ನಿನ್ನ ಹೆಂಡ್ತಿ, ಮಾಡೋದು ಅವಳು. ಪಾತ್ರೆ ತಳಕ್ಕೆ ಅಂಟಿಸಿರೋ ಹೆಸರು ಮಾತ್ರ ನಂದು."

ಆರ್ವಿನ್‌ಗೆ ಈಗ ನಿಜವಾದ ಭಯ ಹುಟ್ಟಿತು. ಮೆಲ್ಲಗೆ ತಿರುಗಿದ. ಮಾರ್ಲಿಸ್ ಕಾರಿನ ಕೀಲಿಯನ್ನು ಕೈಚೀಲಕ್ಕೆ ಹಾಕಿ ಜಿಪ್ ಎಳೆದಳು. ಇಡೀ ಪಾತ್ರೆಯನ್ನೇ ತಂದು ಅವನ ಮುಂದಿಟ್ಟಳು.

"ತಿನ್ನಿ. ಇದು ಖಾಲಿಯಾದ್ಮೇಲೆ ಮನೆಗೆ ಹೋಗೋದು."

"ಅಮೃತ," ಎಂದ ಆರ್ವಿನ್. ಚಮಚ ಎತ್ತಿಕೊಂಡ.