ಹೂವಿನ ಸಂಘದ ಮೇಲ್ ರಿಲೇ

ಗುಂಡ್ಲುಪೇಟೆಯ ಚೆಂಡುಹೂ ಬೆಳೆಗಾರರ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ನಾನು. ಕೆಟ್ಟಿದ್ದನ್ನು ಸರಿಮಾಡೋದು ನನಗೆ ಕಷ್ಟವಲ್ಲ. ಏನು ಕೆಟ್ಟಿದೆ ಅಂತ ಯಾರಿಗಾದರೂ ಹೇಳಲು ಹೋದಾಗಲೇ ಹೀಗೆಲ್ಲ ಆಗೋದು.

೧. ಶಿಫಾರಸು

ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಸಂಘಕ್ಕೆ ಸ್ವಂತ ಮೇಲ್ ಸರ್ವರ್ ಮಾಡಿದ್ದೆ. ಆಫೀಸಿನೊಳಗೆ ಮೇಲ್ ಚೆನ್ನಾಗಿ ಓಡಾಡುತ್ತಿತ್ತು. ಕೇರಳದ ವ್ಯಾಪಾರಿಗೆ ಬರೆದದ್ದು ಮಾತ್ರ ಹೊಸಿಲು ದಾಟುತ್ತಿರಲಿಲ್ಲ. ಆತನೋ, ಮೇಲ್ ಬಂದರಷ್ಟೇ ಆರ್ಡರ್ ಕೊಡುವ ಗಿರಾಕಿ.

"ಯಾಕವ್ವ ಓಗಲ್ಲ ಅದು?" ಅಂದರು ನಮ್ಮ ಕಾರ್ಯದರ್ಶಿ. ಅವರೂ ಹೂ ಬೆಳೆಯುವವರೇ.

"ನಮ್ಮ ಸರ್ವರ್ ಹೊಸದು ಸಾರ್, ಹೊರಗಿನ ಸರ್ವರ್‌ಗಳು ನಂಬಲ್ಲ. ಹೆಸರು ಮಾಡಿರೋ ಇನ್ನೊಂದು ಸರ್ವರ್ ಕೈಗೆ ಕೊಟ್ಟು, ಅದರ ಮೂಲಕ ಕಳಿಸಬೇಕು. ಅದಕ್ಕೆ ರಿಲೇ ಅಂತಾರೆ."

"ಅಂಗಾದ್ರ ಶಿಫಾರಸು ಬೇಕು ಅನ್ನು! ಇಷ್ಟು ತಿಳ್ಕೊಳಕ ಮೂರು ವರ್ಸ ಓದುದ್ಯಾ? ನನ್ನ ಕೇಳುದ್ರ ಮೂರು ನಿಮ್ಷದಲ್ಲಿ ಯೋಳ್ಬುಡ್ತಿದ್ದೆ!"

೨. ಪೋರ್ಟು

ಸರ್ವರ್ ಇದ್ದದ್ದು ನಮ್ಮ ಚಾಮರಾಜನಗರದ ಆಫೀಸಿನಲ್ಲಿ. ಅಲ್ಲಿಯ ಗುಮಾಸ್ತೆ ಚಂದಕವಾಡಿಯಿಂದ ದಿನಾ ಬಸ್ಸಲ್ಲಿ ಬರುವ ಹುಡುಗಿ. ಅವಳಿಗೆ ಫೋನ್ ಮಾಡಿದೆ. "ಐನೂರ ಎಂಬತ್ತೇಳು ಪೋರ್ಟ್ ಓಪನ್ ಇದೆಯಾ, ಇಂಟರ್ನೆಟ್‌ನೋರನ್ನ ಕೇಳಮ್ಮ."

ಅವಳು ಗೋಡೆಯ ಕ್ಯಾಲೆಂಡರ್ ನೋಡಿ ಬಂದಳು. ಆಮೇಲೆ, "ಅಕ್ಕಾ, ಅಷ್ಟೊಂದು ಕೋರ್ಟು ನಮ್ಮೂರಲ್ಲಿ ಎಲ್ಲವೆ? ಇರವೂ ಇವತ್ತು ರಜ."

ಕೋರ್ಟಲ್ಲ, ಪೋರ್ಟು, ಮೇಲ್ ಹೊರಗೆ ಹೋಗುವ ಬಾಗಿಲು ಅಂತ ಬಿಡಿಸಿ ಹೇಳಿದೆ. ಇಂಟರ್ನೆಟ್‌ನವನನ್ನು ಅದೇನು ಗದರಿದಳೋ, ಹತ್ತೇ ನಿಮಿಷದಲ್ಲಿ ಕೆಲಸ ಮುಗಿಸಿದಳು. ನಾನು ಶಹಬ್ಬಾಸ್ ಅನ್ನುವಷ್ಟರಲ್ಲಿ, "ಬಾಗ್ಲು ತಗ್ಸಿವ್ನಿ ಅಕ್ಕಾ. ಕಳ್ಳರು ನುಗ್ಗುದ್ರ ನನ್ನ ಕೇಳಬ್ಯಾಡಿ."

೩. ಹದಿನೆಂಟು ಲಾರಿ

ಓಣಂಗೆ ಎರಡೇ ದಿನ ಉಳಿದಿತ್ತು. ರಾತ್ರಿ ಬಂಡೀಪುರದ ಗೇಟ್ ಮುಚ್ಚುವ ಮೊದಲು ಲಾರಿ ಕಾಡು ದಾಟಬೇಕು. ಅಂದರೆ ಮಧ್ಯಾಹ್ನದೊಳಗೆ ಆರ್ಡರ್ ಬರಲೇಬೇಕು. ಕುಯ್ದ ಹೂ ಗೋಣಿಯಲ್ಲಿ ಬಾಡುತ್ತಿತ್ತು. ರೈತರೆಲ್ಲ ನನ್ನ ಕುರ್ಚಿಯ ಹಿಂದೆ ನಿಂತಿದ್ದರು.

ಗುಂಡ್ಲುಪೇಟೆಯಿಂದಲೇ ನಮ್ಮ ಸರ್ವರಿನೊಳಗೆ ಹೊಕ್ಕು ರಿಲೇ ಸರ್ವರಿನ ವಿಳಾಸ ಬರೆದೆ. ಪಾಸ್‌ವರ್ಡ್ ಹಾಕಿದೆ. ಆಗಲಿಲ್ಲ. ನೋಡಿದರೆ ಪಾಸ್‌ವರ್ಡ್‌ನಲ್ಲಿ ಒಂದಕ್ಷರ ತಪ್ಪಿತ್ತು! ತಿದ್ದಿ ಮತ್ತೆ ಶುರುಮಾಡಿದೆ. ಪರದೆಯ ಮೇಲೆ 'ಸೆಂಟ್' ಅಂತ ಬಿತ್ತು. ಎಲ್ಲರೂ ಚಪ್ಪಾಳೆ ಹೊಡೆದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಆದರೆ 'ಸೆಂಟ್' ಬೀಳುವುದು ನಿಲ್ಲಲೇ ಇಲ್ಲ. ಕಾರ್ಯದರ್ಶಿ ಮೆಲ್ಲಗೆ ಅಂದರು, "ಓಗ್ಲಿಲ್ವಲ್ಲ ಅಂತ ನಿನ್ನೆಯಿಂದ ನಾನೇ ಸೆಂಡ್ ಒತ್ತುತ್ತಾ ಇದ್ದೆ ಕಣವ್ವ." 'ಒಂದು ಲಾರಿ ಹೂ ರೆಡಿ ಇದೆ' ಅನ್ನುವ ಅದೇ ಕಾಗದ, ಸರ್ವರಿನಲ್ಲಿ ಕಾದು ಕೂತಿದ್ದದ್ದೆಲ್ಲ ಸೇರಿ, ಹದಿನೆಂಟು ಸಲ ಹೋಗಿತ್ತು.

ಐದು ನಿಮಿಷಕ್ಕೆ ಕೇರಳದಿಂದ ಫೋನು. "ಸಾರೇ, ಹದಿನೆಂಟು ಲಾರಿಯಾ? ನಾನು ಪೂಕ್ಕಳಂ ರಂಗೋಲಿಗೆ ಹೂ ಕೇಳಿದ್ದು, ರೋಡಿಗೆ ಹಾಸೋಕಲ್ಲ!"

ಕಾರ್ಯದರ್ಶಿ ಮೀಸೆ ತಿರುವಿ ಹೇಳಿದರು: "ಹೂ ಒಂದೇ ಲಾರಿ ಕಣಣ್ಣ. ಮಿಕ್ಕ ಹದಿನೇಳು, ನಮ್ಮುಡ್ಗಿ ಮಾಡಿರ ಮಿಶಿನ್ ಓಡ್ತಾದೆ ಅಂತ ನಿಮ್ಗೂ ಗೊತ್ತಾಗ್ಲಿ ಅಂತ!"