ನಲವತ್ತೊಂದನೆಯ ಜಪ್ತಿ ವಸ್ತು

ತೂಕ ಮತ್ತು ಅಳತೆ ಕಚೇರಿಯ ಮುದ್ರೆಗಾರನನ್ನು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಜಪ್ತಿ ಮಾಡಲಾಯಿತು.

ಹಿಂದಿನ ವಾರ ನೌಕರರ ರಕ್ತಪರೀಕ್ಷೆ ನಡೆದಿತ್ತು. ಮೇಲ್ವಿಚಾರಕರು ಮಾತ್ರ ರಕ್ತ ಕೊಟ್ಟಿರಲಿಲ್ಲ. ಅಳೆಯುವವರನ್ನು ಅಳೆಯುವ ನಿಯಮವಿಲ್ಲ. ವರದಿಗಳು ಅವರ ಮೇಜಿಗೆ ಬಂದವು. ಒಂದು ಕಡೆ ಸಿಕ್ಕ ಅಂಕಿ, ಪಕ್ಕದಲ್ಲಿ ಇರಬೇಕಾದ ಅಂಕಿ, ತಪ್ಪಿದ್ದಕ್ಕೆ ಕೆಂಪು ನಕ್ಷತ್ರ. ಮೂವತ್ತು ವರ್ಷ ಅವರು ಓದಿದ್ದೆಲ್ಲ ಇಂಥ ಕಾಗದವೇ. ಯಾರನ್ನೂ ಕೇಳುವ ಅಗತ್ಯ ಬೀಳಲಿಲ್ಲ.

ಗುಮಾಸ್ತನ ಸಕ್ಕರೆ ನೂರು ಮೀರಬಾರದಿತ್ತು. ನೂರೊಂದು ಇತ್ತು. ಮುದ್ರೆಗಾರನ ಹಿಮೋಗ್ಲೋಬಿನ್ ಹದಿಮೂರಾದರೂ ಇರಬೇಕಿತ್ತು. ಎಂಟು ಇತ್ತು.

ನಿಯಮ ಹದಿನೇಳು ಹೀಗಿದೆ: 'ನೂರಕ್ಕೆ ಒಂದರಷ್ಟು ವ್ಯತ್ಯಾಸವಿರುವ ವಸ್ತುವನ್ನು ಬಿಡತಕ್ಕದ್ದು. ಅದಕ್ಕೂ ಮೀರಿದ್ದನ್ನು ಚೀಟಿ ಕಟ್ಟಿ ಜಪ್ತಿ ಕೋಣೆಯಲ್ಲಿಡತಕ್ಕದ್ದು. ಸರಿಯಾಗುವವರೆಗೆ ಅದು ಗೇಟು ದಾಟತಕ್ಕದ್ದಲ್ಲ.' ವಸ್ತು ಎಂದರೆ ತಕ್ಕಡಿ ಮಾತ್ರ ಎಂದು ಎಲ್ಲೂ ಬರೆದಿರಲಿಲ್ಲ.

ಗುಮಾಸ್ತನನ್ನು ಬಿಟ್ಟರು. ಅವನು ಎದೆ ಹಿಡಿದುಕೊಂಡು ಡಾಕ್ಟರ ಬಳಿಗೆ ಓಡಿದ.

ಜಪ್ತಿ ಕೋಣೆ ಮೂರನೆಯ ಮಹಡಿಯಲ್ಲಿತ್ತು. ಮುದ್ರೆಗಾರ ನಾಲ್ಕು ಕಡೆ ನಿಂತು, ಏದುಸಿರು ಬಿಡುತ್ತ ಹತ್ತಿದ. ಚೀಟಿಯನ್ನು ಅವನೇ ಬರೆದು ತನ್ನ ಅಂಗಿಯ ಗುಂಡಿಗೆ ಅವನೇ ಕಟ್ಟಿಕೊಂಡ. ಆ ಗಂಟು ಹಾಕಲು ಕಚೇರಿಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಸಂಖ್ಯೆ ನಲವತ್ತೊಂದು. ನಲವತ್ತನೆಯದು ಒಂದು ಸೊಟ್ಟ ತಕ್ಕಡಿ. ಅದರ ಪಕ್ಕ ಕುರ್ಚಿ ಹಾಕಿಕೊಟ್ಟರು.

ಮಧ್ಯಾಹ್ನ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು.

"ಸಾರ್, ಇವರ ಮುಖ ನೋಡಿ. ಸುಣ್ಣ ಬಳಿದ ಗೋಡೆ ಇದ್ದಂಗಿದೆ. ಮೆಟ್ಟಿಲು ಹತ್ತಿದ್ರೆ ಉಸಿರೇ ಸಿಗಲ್ಲ. ಡಾಕ್ಟರಿಗೆ ತೋರಿಸಬೇಕು."

"ಧಾರಾಳವಾಗಿ ತೋರಿಸಿ ತಾಯಿ," ಎಂದರು ಮೇಲ್ವಿಚಾರಕರು. "ಸರಿಯಾದ ಮೇಲೆ."

"ಸರಿಯಾಗೋಕೆ ತಾನೇ ತೋರಿಸೋದು?"

"ಅದು ಆರೋಗ್ಯ ಇಲಾಖೆ. ನಮ್ಮದು ಅಳತೆ."

"ಹೋಗಲಿ, ಡಾಕ್ಟರನ್ನೇ ಇಲ್ಲಿಗೆ ಕರೆಸಲಾ?"

"ಜಪ್ತಿ ವಸ್ತುವನ್ನು ಹೊರಗಿನವರು ಮುಟ್ಟೋ ಹಾಗಿಲ್ಲ."

"ನಾನು ಹೊರಗಿನವಳಲ್ವಾ?"

ಮೇಲ್ವಿಚಾರಕರು ಯೋಚಿಸಿದರು. "ನೀವು ವಾರಸುದಾರರು. ನೋಡಬಹುದು. ಒರೆಸಬಹುದು."

ಅವಳು ಗಂಡನ ಹಣೆ ಒರೆಸಿದಳು.

ಎರಡನೆಯ ದಿನಕ್ಕೆ ಗುಮಾಸ್ತ ಮೂವರು ಡಾಕ್ಟರರನ್ನು ಮುಗಿಸಿದ್ದ. ಒಂದು ಅಂಕಿ ಹೆಚ್ಚಿದ್ದಕ್ಕೆ ಗಾಬರಿ ಬೇಡ, ನಡೆದಾಡು, ಕೆಲವು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಿಸು ಎಂದು ಮೂವರೂ ಹೇಳಿದ್ದರು. ಅವನಿಗೆ ಸಮಾಧಾನವಾಗಲಿಲ್ಲ. ನಾಲ್ಕನೆಯವರನ್ನು ಹುಡುಕಲು ರಜೆ ಕೇಳಿದ. ರಜೆ ಸಿಕ್ಕಿತು.

ಮೂರನೆಯ ದಿನ ಮುದ್ರೆಗಾರ ಕುರ್ಚಿಯಿಂದ ಏಳಲಿಲ್ಲ. ಎದ್ದರೆ ಕಣ್ಣು ಕತ್ತಲೆ ಬರುತ್ತಿತ್ತು. ಹೆಂಡತಿ ಅತ್ತು ಕೂರುವ ಪೈಕಿ ಅಲ್ಲ. ಗೋಡೆಗೆ ನೇತುಹಾಕಿದ್ದ ನಿಯಮಾವಳಿಯನ್ನು ಇಳಿಸಿ, ಧೂಳು ಕೊಡವಿ, ಓದತೊಡಗಿದಳು. ಆ ಪುಸ್ತಕವನ್ನು ಮೊದಲ ಪುಟದಿಂದ ಓದಿದವರಲ್ಲಿ ಅವಳೇ ಮೊದಲಿಗಳು. ಮೂರೂವರೆಗೆ ಕೆಳಗಿಳಿದು ಬಂದಳು.

"ಸಾರ್, ನಿಯಮ ಮೂವತ್ತೊಂದು. ಐವತ್ತು ವರ್ಷ ದಾಟಿದ ಸಾಧನ ಏನು ತೋರಿಸುತ್ತೋ ಅದೇ ಅದರ ಸರಿಯಾದ ಅಳತೆ. ಮುದ್ರೆ ಒತ್ತಿ ಬಿಡತಕ್ಕದ್ದು."

"ಇದೆ."

"ಇವರಿಗೆ ಐವತ್ತೆಂಟು."

ಮೇಲ್ವಿಚಾರಕರು ಕನ್ನಡಕ ತೆಗೆದು ಅವಳನ್ನು ಗೌರವದಿಂದ ನೋಡಿದರು. "ನೀವು ಇಲಾಖೆಗೆ ಸೇರಬೇಕಿತ್ತು ತಾಯಿ."

ಚೀಟಿಯ ಮೇಲೆ 'ಎಂಟು, ಸರಿ ಇದೆ' ಎಂದು ಬರೆದರು. ಮುದ್ರೆಯನ್ನು ಮುದ್ರೆಗಾರನೇ ಒತ್ತಬೇಕಾಯಿತು. ಹೆಂಡತಿ ಅವನ ಕೈ ಹಿಡಿದುಕೊಂಡಳು. ನಾಲ್ಕು ಗಂಟೆಗೆ ಗೇಟು ದಾಟಿದರು.

ಡಾಕ್ಟರು ಅವನ ಕಣ್ಣಿನ ರೆಪ್ಪೆ ಕೆಳಕ್ಕೆಳೆದು ನೋಡಿದರು.

"ನೋವಿನ ಮಾತ್ರೆ ಏನಾದ್ರೂ ನುಂಗ್ತೀರಾ?"

"ಮಂಡಿಗೆ. ದಿನಾ ಎರಡು. ಒಂದು ವರ್ಷದಿಂದ."

"ಮಲ ಕಪ್ಪಗಿದೆಯಾ?"

ಮುದ್ರೆಗಾರ ಹೆಂಡತಿಯ ಕಡೆ ನೋಡಿ, "ಇದೆ," ಎಂದ.

"ಮನೆಯಲ್ಲಿ ಒಂದು ಮಾತು ಹೇಳೋದಲ್ವಾ?" ಎಂದಳು ಹೆಂಡತಿ.

"ಊಟದ ಹೊತ್ತಿಗೆ ಹೇಳೋ ವಿಷಯನಾ ಅದು?"

"ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರ್ತಿರಬಹುದು," ಎಂದರು ಡಾಕ್ಟರು. "ಈಗಲೇ ದಾಖಲಾಗಿ. ಒಂದು ಅಂಕಿ ಆಚೀಚೆ ಇದ್ದು ಮೈ ಚೆನ್ನಾಗಿದ್ರೆ ನಿಧಾನವಾಗಿ ಬಂದು ಕೇಳಬಹುದು. ಇಷ್ಟು ಇಳಿದು, ಉಸಿರೂ ಕಟ್ಟಿದ್ರೆ ಅವತ್ತೇ ಬರಬೇಕು. ಮೂರು ದಿನ ಏನು ಮಾಡ್ತಿದ್ರಿ?"

"ಜಪ್ತಿಯಲ್ಲಿದ್ದೆ."

ಡಾಕ್ಟರು ಅದನ್ನೂ ಬರೆದುಕೊಂಡರು.

ಹುಣ್ಣು ಇತ್ತು. ರಕ್ತ ಕೊಟ್ಟರು. ನೋವಿನ ಮಾತ್ರೆ ನಿಲ್ಲಿಸಿದರು. ಹುಣ್ಣಿಗೆ ಔಷಧ, ಮೇಲೆ ಕಬ್ಬಿಣದ ಮಾತ್ರೆ. ಮುದ್ರೆಗಾರನ ಮುಖಕ್ಕೆ ಬಣ್ಣ ಬಂತು. ಹೆಂಡತಿಯ ಜೊತೆ ಜಗಳವಾಡುವಷ್ಟು ದಮ್ಮೂ ಬಂತು. ಅವಳಿಗೆ ಅದರಿಂದ ಸಂತೋಷವೇ ಆಯಿತು.

ನಾಲ್ಕು ತಿಂಗಳ ನಂತರ ಕಚೇರಿಯಲ್ಲಿ ಮರುಪರೀಕ್ಷೆ ನಡೆಯಿತು. ಮುದ್ರೆಗಾರನ ಅಂಕಿ ಹದಿಮೂರೂವರೆ. ನಕ್ಷತ್ರ ಇರಲಿಲ್ಲ. ಮೇಲ್ವಿಚಾರಕರು ಹಳೆಯ ಚೀಟಿ ತೆಗೆಸಿ ಹೋಲಿಸಿದರು. ಕೆಂಪು ಪೆನ್ನಿನಿಂದ ತಾವೇ ಒಂದು ನಕ್ಷತ್ರ ಬರೆದರು.

"ಎಂಟಕ್ಕೆ ಮುದ್ರೆ ಬಿದ್ದಿದೆ. ಈಗ ಹದಿಮೂರೂವರೆ ತೋರಿಸ್ತಿದೆ. ಮುದ್ರೆ ಬಿದ್ದ ಸಾಧನವನ್ನು ಅನುಮತಿ ಇಲ್ಲದೆ ರಿಪೇರಿ ಮಾಡಿಸಿದ್ದೀಯ."

"ಹೌದು ಸಾರ್," ಎಂದ ಮುದ್ರೆಗಾರ. ತಪ್ಪು ಅವನಿಗೂ ಕಾಣಿಸಿತು.

ಹೆಂಡತಿಯನ್ನು ಕರೆಸಿದರು. ಅವಳು ರಿಪೇರಿಯ ನಿಯಮವನ್ನು ಒಂದು ಸಲ ಓದಿ ನೋಡಿದಳು.

"ಸರಿಯಾಗೇ ಇದೆ ಸಾರ್. ಊಟದ ಡಬ್ಬಿ ಎಷ್ಟು ಹೊತ್ತಿಗೆ ತರಲಿ?"

"ಒಂದು ಗಂಟೆಗೆ ತನ್ನಿ ತಾಯಿ."

ಮುದ್ರೆಗಾರ ಚೀಟಿ ಬರೆದು ಗುಂಡಿಗೆ ಕಟ್ಟಿಕೊಂಡ. ಮೂರೂ ಮಹಡಿಯನ್ನು ಒಂದೇ ಉಸಿರಿಗೆ ಹತ್ತಿದ. ಬೀಗದ ಕೈ ಹಿಡಿದು ಹಿಂದೆ ಬಂದ ಮೇಲ್ವಿಚಾರಕರು ಏದುಸಿರು ಬಿಡುತ್ತ ನಾಲ್ಕು ಕಡೆ ನಿಂತರು.